ಹಳೆಯ ರೈಫಲ್ ಕೊಳ್ಳುವ ಮುನ್ನ, ಕೊಂಡ ಮೇಲೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯಲ್ಲಿ ಅಜ್ಜನ ಕಾಲದ ಒಂದು .315 ರೈಫಲ್ ಇದೆ (ಇಂಥ ಅಂಕಿಗಳು ನಳಿಗೆಯ ಒಳ ಅಗಲವನ್ನು ಇಂಚಿನಲ್ಲಿ ಹೇಳುತ್ತವೆ). ಅದನ್ನು ನನ್ನ ಹೆಸರಿಗೆ ಮಾಡಿಸಿಕೊಳ್ಳಲು ದಾವಣಗೆರೆಯ ಕಚೇರಿಗೆ ಎಷ್ಟು ಸಲ ಹೋದೆನೋ ಅಷ್ಟೇ ಸಲ ಚಿತ್ರದುರ್ಗಕ್ಕೂ ಬಸ್ಸು ಹತ್ತಿದ್ದೇನೆ. ಅಂದಿನಿಂದ ಅಟ್ಟದ ಮೇಲೆ ಕೋವಿ ಇರುವವರು, ಹಳೆಯದೊಂದು ಕೊಳ್ಳಬೇಕು ಎನ್ನುವವರು ನನ್ನನ್ನೇ ಕೇಳತೊಡಗಿದರು. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ಮೊದಲು ಬಂದೂಕು ನೋಡಲೋ, ಲೈಸೆನ್ಸ್ ಮಾಡಿಸಲೋ?

ಲೈಸೆನ್ಸ್. ಮೊದಲು ಬಂದೂಕು ನೋಡಿದವರಿಗೆ ಅದರ ಮೇಲೆ ಮನಸ್ಸು ಕೂತುಬಿಡುತ್ತದೆ. ಆಮೇಲೆ ಮಾರುವವರು "ಕಾಗದ ಆಮ್ಯಾಲೆ ನೋಡ್ಕಂಡ್ರಾತು ಬಿಡ್ರೀ" ಅಂದರೂ ತಲೆ ಆಡಿಸುತ್ತಾರೆ. ಆ ಮಾತು ಕೇಳಿದ ತಕ್ಷಣ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡಿ.

1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸ್ ಪಡೆಯಲು 21 ವರ್ಷ ತುಂಬಿರಬೇಕು. ನಮ್ಮ ಎರಡೂ ಜಿಲ್ಲೆಗಳಲ್ಲಿ ಪೊಲೀಸ್ ಕಮಿಷನರೇಟ್ ಇಲ್ಲ. ಹಾಗಾಗಿ ಅರ್ಜಿ ಹೋಗುವುದು ಡಿಸಿ ಕಚೇರಿಗೆ, ಅಂದರೆ ಜಿಲ್ಲಾ ದಂಡಾಧಿಕಾರಿಗಳಿಗೆ. ಅರ್ಜಿಯ ಜೊತೆ ವೈದ್ಯಕೀಯ ಪ್ರಮಾಣಪತ್ರ ಬೇಕು, ಆಮೇಲೆ ಪೊಲೀಸರ ವಿಚಾರಣೆ ನಡೆಯುತ್ತದೆ. ಬಂದೂಕನ್ನು ಸುರಕ್ಷಿತವಾಗಿ ಹಿಡಿಯಲು ಬರುತ್ತದೆ ಎನ್ನುವ ತರಬೇತಿ ಪತ್ರವನ್ನೂ ಕೇಳುತ್ತಾರೆ. ಜಿಲ್ಲಾ ಸಶಸ್ತ್ರ ಮೀಸಲು ಪಡೆಯವರು ಆಗಾಗ ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುತ್ತಾರೆ. ಕೊಳ್ಳುವ ಆಸೆ ಇರಲಿ ಬಿಡಲಿ, ಹೋಗಿ ಬನ್ನಿ. ರೈಫಲ್ ಹಿಡಿದು ಮಲಗಿ ಹತ್ತು ಗುಂಡು ಹಾರಿಸಿದ ಮೇಲೆ ಕೆಲವರ ಆಸೆ ಅಲ್ಲೇ ಇಳಿಯುತ್ತದೆ. ಅದೂ ಒಳ್ಳೆಯದೇ.

ಇನ್ನೊಂದು ವಿಷಯ. 2019ರ ತಿದ್ದುಪಡಿಯ ನಂತರ ಒಬ್ಬರು ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳುವಂತಿಲ್ಲ. ಮೊದಲು ಮೂರಕ್ಕೆ ಅವಕಾಶವಿತ್ತು. ಪಿತ್ರಾರ್ಜಿತವಾಗಿ ಬಂದದ್ದೂ ಈ ಲೆಕ್ಕದೊಳಗೇ ಬರುತ್ತದೆ. ಆದ್ದರಿಂದ ಗೋಡೆ ತುಂಬ ಸಾಲಾಗಿ ನೇತುಹಾಕುವ ಸಂಗ್ರಹದ ಕನಸನ್ನು ಇಲ್ಲೇ ಬಿಡಬೇಕು. ನಮ್ಮಲ್ಲಿ ಸಂಗ್ರಹಕಾರ ಅಂದರೆ ಒಂದನ್ನೋ ಎರಡನ್ನೋ ಚೆನ್ನಾಗಿ ಬಲ್ಲವನು, ಅಷ್ಟೇ.

ಕೋವಿ, ಬಂದೂಕು, ರೈಫಲ್ ಎಲ್ಲ ಒಂದೇ ಅಲ್ಲವೇ?

ಮಾತಿನಲ್ಲಿ ಒಂದೇ, ಲೈಸೆನ್ಸಿನಲ್ಲಿ ಅಲ್ಲ. ಚರೆ ಹಾರಿಸುವ ಒಂಟಿನಳಿಗೆ, ಜೋಡಿನಳಿಗೆ ಕೋವಿಗಳ ನಳಿಗೆ ಒಳಗೆ ನುಣ್ಣಗಿರುತ್ತದೆ. ರೈಫಲ್ಲಿನ ನಳಿಗೆಯೊಳಗೆ ಸುರುಳಿ ಗೀರುಗಳಿರುತ್ತವೆ. ಗುಂಡು ಅವುಗಳಲ್ಲಿ ಗಿರಗಿರನೆ ತಿರುಗಿಕೊಂಡು ಹೊರಬರುವುದರಿಂದಲೇ ನೇರ ಹೋಗುತ್ತದೆ. ಬಾಯಿಂದ ಮದ್ದು ತುಂಬಿ ಗಜದಿಂದ ಜಡಿಯುವ ಕೇಪಿನ ಕೋವಿ ಇನ್ನೊಂದು ಬಗೆ. ಲೈಸೆನ್ಸಿನಲ್ಲಿ ಯಾವ ಬಗೆ ಬರೆದಿದೆಯೋ ಅದನ್ನೇ ಕೊಳ್ಳಬೇಕು.

ನನಗೆ .303 ಬೇಕು. ಸಿಗುತ್ತದೆಯೇ?

ಇಲ್ಲ. ಇಷ್ಟಕ್ಕೇ ನಿಲ್ಲಿಸಬಹುದಿತ್ತು, ಆದರೆ ಎಲ್ಲರೂ ಇದನ್ನೇ ಕೇಳುತ್ತಾರೆ. ಪೊಲೀಸರ ಹೆಗಲ ಮೇಲೆ ಕಂಡು ಬೆಳೆದ ರೈಫಲ್ ಅದು. ಪರೇಡಿನಲ್ಲಿ ಅದರ ಮರದ ಮೈ ಮೇಲೆ ಅಂಗೈ ಬಡಿಯುವ ಸದ್ದು ನನ್ನ ತಲೆಮಾರಿನವರ ಕಿವಿಯಲ್ಲಿ ಇನ್ನೂ ಇದೆ.

ಆ .303ರ ಹೆಸರು ಲೀ-ಎನ್‌ಫೀಲ್ಡ್, ಅದು ಬ್ರಿಟಿಷ್ ಸೈನ್ಯಕ್ಕೆ ಸೇರಿದ್ದು 1895ರಲ್ಲಿ. ಬಂಗಾಳದ ಇಶಾಪುರದ ಕಾರ್ಖಾನೆಯಲ್ಲಿ ಅದರ ಗಿಡ್ಡ ಮಾದರಿ ಸ್ವಾತಂತ್ರ್ಯದ ನಂತರವೂ ತಯಾರಾಯಿತು. 1962ರ ಚೀನಾ ಯುದ್ಧ ಮುಗಿದ ಮೇಲೆ ಅದೇ ಅಚ್ಚಿನಲ್ಲಿ 7.62 ಮಿ.ಮೀ. ರೈಫಲ್ ಬಂತು. ಈ ಎರಡೂ ಸೈನ್ಯದ ತೋಟಾ ಹಾರಿಸುವಂಥವು. ಸೈನ್ಯದ ತೋಟಾ ಹಿಡಿಸುವ ರೈಫಲ್ ನಮ್ಮ ಕಾನೂನಿನಲ್ಲಿ ನಿಷಿದ್ಧ ವರ್ಗಕ್ಕೆ ಸೇರುತ್ತದೆ, ಜನಸಾಮಾನ್ಯರಿಗೆ ಕೊಡುವ ಲೈಸೆನ್ಸಿನಲ್ಲಿ ಅದು ಬರುವುದಿಲ್ಲ. ಪೊಲೀಸರಿಗಾಗಿ .303ರಿಂದ ಮಾರ್ಪಡಿಸಿದ .410 ಮಸ್ಕೆಟ್ ಕೂಡ ಇದೇ ಪಟ್ಟಿಯಲ್ಲಿದೆ. "ನಳಿಗೆ ಬದಲಾಯಿಸೀವಿ, ಈಗ ಇದು ತ್ರೀ ನಾಟ್ ತ್ರೀ ಅಲ್ಲ" ಎಂದು ಯಾರಾದರೂ ತೋರಿಸಿದರೆ ಮುಟ್ಟಲೂ ಹೋಗಬೇಡಿ. ಮುಟ್ಟಿದರೆ ನಿಮ್ಮ ಬೆರಳ ಗುರುತೂ ಆ ಕಥೆಯೊಳಗೆ ಸೇರುತ್ತದೆ.

ಹಾಗಾದರೆ ಕೊಳ್ಳಲು ಯಾವುದಿದೆ?

.315. ಇಂಚಿನಲ್ಲಿ .315, ಸುಮಾರು 8 ಮಿ.ಮೀ. ಹೊರನೋಟಕ್ಕೆ, ಬೋಲ್ಟ್ (ತೋಟಾವನ್ನು ನಳಿಗೆಗೆ ತಳ್ಳಿ ಹಿಂದಿನಿಂದ ಮುಚ್ಚುವ, ಹಿಡಿಯಿರುವ ಉಕ್ಕಿನ ಅಗುಳಿ) ಎಳೆಯುವ ರೀತಿಗೆ .303ರ ತಮ್ಮನೇ. ತೋಟಾ ಬೇರೆ, ಹಾಗಾಗಿ ಲೈಸೆನ್ಸಿಗೆ ಸಿಗುತ್ತದೆ. ಬ್ರಿಟಿಷರ ಕಾಲದಲ್ಲಿ ಇಂಗ್ಲೆಂಡಿನ ಬಿಎಸ್‌ಎ ಕಂಪನಿಯ .315 ಬರುತ್ತಿತ್ತು, ನಂತರ ಇಶಾಪುರದ್ದು. ಇವೆರಡರಲ್ಲಿ ಬಿಎಸ್‌ಎ ಕಂಡರೆ ಜನ ಬಾಯಿ ಬಿಡುತ್ತಾರೆ. ನನಗೆ ಮಾತ್ರ ಚೆನ್ನಾಗಿಟ್ಟ ಇಶಾಪುರದ್ದು, ಕೆಡಿಸಿದ ಬಿಎಸ್‌ಎಗಿಂತ ಮೇಲು.

ಗುರಿ ಅಭ್ಯಾಸಕ್ಕೆ, ಇಟ್ಟುಕೊಳ್ಳುವ ಸಂತೋಷಕ್ಕೆ .22 ಸಾಕು ಎನ್ನುವವರಿಗೆ ಚೆಕೊಸ್ಲೊವಾಕಿಯಾದ ಬ್ರನೋ ರೈಫಲ್‌ಗಳಿವೆ. ದೊಡ್ಡ ಮನೆತನಗಳಲ್ಲಿ ಒಮ್ಮೊಮ್ಮೆ ರಿಗ್ಬಿ, ವೆಸ್ಟ್‌ಲಿ ರಿಚರ್ಡ್ಸ್ ತರಹದ ಇಂಗ್ಲಿಷ್ ಬಂದೂಕು ಕಂಪನಿಗಳ ಹೆಸರುಗಳೂ ಹೊರಬೀಳುತ್ತವೆ. ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದದ್ದಕ್ಕೆ 1907ರಲ್ಲಿ ಜಿಮ್ ಕಾರ್ಬೆಟ್‌ಗೆ ಬಹುಮಾನವಾಗಿ ಸಿಕ್ಕಿದ್ದು ರಿಗ್ಬಿಯ .275. 1980ರ ದಶಕದಿಂದ ಜನಸಾಮಾನ್ಯರು ವಿದೇಶಿ ಬಂದೂಕು ತರಿಸಿಕೊಳ್ಳುವುದು ನಿಂತಿದೆ. ಹಾಗಾಗಿ ದೇಶದೊಳಗಿರುವ ವಿದೇಶಿ ಬಂದೂಕುಗಳೇ ಕೈಯಿಂದ ಕೈಗೆ ತಿರುಗುತ್ತಿವೆ, ಬೆಲೆಯೂ ಹಾಗೇ ಏರಿದೆ. ಅಂಥ ರೈಫಲ್ಲಿಗೆ ಬೇಕಾದ ತೋಟಾ ಸಿಗುತ್ತದೆಯೇ ಎಂದು ವಿಚಾರಿಸಿಯೇ ಮುಂದುವರಿಯಿರಿ.

ಖಾಸಗಿಯವರಿಂದ ಕೊಳ್ಳುವಾಗ ಕ್ರಮವೇನು?

ಮಾರುವವರು ತಮ್ಮ ಉದ್ದೇಶವನ್ನೂ ಕೊಳ್ಳುವವರ ಹೆಸರು, ವಿಳಾಸವನ್ನೂ ಜಿಲ್ಲಾ ದಂಡಾಧಿಕಾರಿಗಳಿಗೆ ಅಥವಾ ಹತ್ತಿರದ ಠಾಣೆಗೆ ಬರವಣಿಗೆಯಲ್ಲಿ ತಿಳಿಸಬೇಕು. ತಿಳಿಸಿ ಕನಿಷ್ಠ 45 ದಿನ ಕಳೆಯುವವರೆಗೆ ಬಂದೂಕು ಕೈ ಬದಲಾಗುವಂತಿಲ್ಲ. ಆ ಒಂದೂವರೆ ತಿಂಗಳನ್ನು ವ್ಯರ್ಥ ಅಂದುಕೊಳ್ಳಬೇಡಿ, ಹಳೆಯ ಕಾಗದ ಹುಡುಕಲು ಅದೇ ಸಮಯ.

ನಮ್ಮ ಕಡೆ ಈ ಹುಡುಕಾಟಕ್ಕೆ ಒಂದು ವಿಶೇಷ ತಿರುವಿದೆ. ದಾವಣಗೆರೆ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೂ ಮೊದಲು ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗಕ್ಕೆ ಸೇರಿದ್ದವು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ ಸೇರಿದ್ದವು. ಹರಪನಹಳ್ಳಿಯದಂತೂ ಬಳ್ಳಾರಿಯಿಂದ ಬಂದು, ಇಲ್ಲಿದ್ದು, ಮತ್ತೆ ಬಳ್ಳಾರಿಗೆ ಹೋಗಿ ಈಗ ವಿಜಯನಗರದಲ್ಲಿರುವ ಕಥೆ. ಆದ್ದರಿಂದ ದಾವಣಗೆರೆ ತಾಲ್ಲೂಕಿನ ಬಂದೂಕಿನ 1970ರ ಲೈಸೆನ್ಸ್ ಪುಸ್ತಕದಲ್ಲಿ ಚಿತ್ರದುರ್ಗದ ಮೊಹರಿದ್ದರೆ ಗಾಬರಿಯಾಗಬೇಡಿ, ಅದೇ ಸರಿ. ಚಿತ್ರದುರ್ಗದ್ದು ಇರಬೇಕಾದ ಕಾಲಕ್ಕೆ ದಾವಣಗೆರೆ ಜಿಲ್ಲೆಯ ಮೊಹರು ಕಂಡರೆ ಆಗ ಗಾಬರಿಯಾಗಿ. ನನ್ನ ಅಜ್ಜನ ಹೆಸರಿನ ನಮೂದು ಸಿಕ್ಕಿದ್ದು ಚಿತ್ರದುರ್ಗದಲ್ಲಿ, ಮೂರನೇ ಸಲ ಹೋದಾಗ, ಬೇರೆ ಹೋಬಳಿಯ ಕಡತದೊಳಗೆ.

ಪುಸ್ತಕದಲ್ಲಿರುವ ನಂಬರು, ಬಂದೂಕಿನ ಮೇಲಿರುವ ನಂಬರು ಅಕ್ಷರಕ್ಕೆ ಅಕ್ಷರ ಹೊಂದಬೇಕು. ಮಾರುವವರ ಲೈಸೆನ್ಸಿಗೆ ಯುಐಎನ್ (ಪ್ರತಿ ಲೈಸೆನ್ಸುದಾರರಿಗೂ ಕೊಡುವ ವಿಶಿಷ್ಟ ಗುರುತಿನ ಸಂಖ್ಯೆ) ಇದೆಯೇ, ನವೀಕರಣವಾಗಿದೆಯೇ ನೋಡಿ.

ಅಜ್ಜನ ಬಂದೂಕು ಅಟ್ಟದ ಮೇಲೆ ಸಿಕ್ಕಿತು, ಲೈಸೆನ್ಸ್ ಯಾರ ಹೆಸರಿಗೂ ಇಲ್ಲ. ಏನು ಮಾಡಲಿ?

ಇಳಿಸಬೇಡಿ, ಒರೆಸಬೇಡಿ, ಸಂಬಂಧಿಕರ ಗುಂಪಿಗೆ ಫೋಟೊ ಹಾಕಬೇಡಿ. ವಕೀಲರೊಬ್ಬರನ್ನು ಕಂಡು, ಠಾಣೆಗೆ ಬರವಣಿಗೆಯಲ್ಲಿ ತಿಳಿಸಿ, ಒಪ್ಪಿಸಿ, ರಸೀದಿ ಪಡೆಯಿರಿ. ಲೈಸೆನ್ಸುದಾರ ತೀರಿಕೊಂಡ ಮೇಲೆ ಬಂದೂಕನ್ನು ಠಾಣೆಯಲ್ಲೋ ಲೈಸೆನ್ಸ್ ಇರುವ ವ್ಯಾಪಾರಿಯ ಬಳಿಯೋ ಠೇವಣಿ ಇಡಬೇಕೆಂದು ಕಾಯ್ದೆಯೇ ಹೇಳುತ್ತದೆ. ಅದು ಅಲ್ಲಿರುವಾಗಲೇ ವಾರಸುದಾರ ತನ್ನ ಹೆಸರಿಗೆ ಅರ್ಜಿ ಹಾಕಬಹುದು. ಉಳಿದ ವಾರಸುದಾರರ ಒಪ್ಪಿಗೆ ಪತ್ರ ಬೇಕು. ಬಂದೂಕಿನ ಮೇಲೆ ಆಸೆಯಿಲ್ಲದ ಚಿಕ್ಕಪ್ಪನಿಗೂ ಸಹಿ ಕೇಳಿದ ದಿನ ಇದ್ದಕ್ಕಿದ್ದಂತೆ ಆಸೆ ಹುಟ್ಟುವುದುಂಟು. ತಾಳ್ಮೆ ಇರಲಿ.

ತಂದೆ ಬದುಕಿದ್ದರೆ ಇದಕ್ಕಿಂತ ಸುಲಭ. 2016ರ ನಿಯಮಗಳ ಪ್ರಕಾರ ಲೈಸೆನ್ಸುದಾರರಿಗೆ 70 ವರ್ಷವಾಗಿದ್ದರೆ, ಇಲ್ಲವೇ ಆ ಬಂದೂಕು ಅವರ ಬಳಿ 25 ವರ್ಷ ಇದ್ದಿದ್ದರೆ, ಅವರು ಇರುವಾಗಲೇ ಮಕ್ಕಳ ಹೆಸರಿಗೆ ಮಾಡಿಸಲು ದಾರಿಯಿದೆ. ಇದು ಗೊತ್ತಿಲ್ಲದೆ ಎಷ್ಟೋ ಮನೆಯವರು ಕಾದು ಕೂರುತ್ತಾರೆ.

ಕೊಡಗಿನ ಸ್ನೇಹಿತರಿಗೆ ಲೈಸೆನ್ಸೇ ಬೇಡವಂತೆ. ಅವರಿಂದ ತಂದರೆ?

ಆ ವಿನಾಯಿತಿ ಕೊಡವರಿಗೆ, ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ. ನಿಮಗಲ್ಲ.

ಕೋಟೆ ಕಾಲದ ಬತ್ತಿ ಬಂದೂಕಿಗೂ ಲೈಸೆನ್ಸ್ ಬೇಕೇ?

ಹಳೆಯ ಮಾದರಿಯದು ಅಥವಾ ಪುರಾತನ ಮೌಲ್ಯದ್ದು, ರಿಪೇರಿ ಮಾಡಿದರೂ ಹಾರಿಸಲು ಬಾರದ್ದು, ಇಂಥದಕ್ಕೆ ಕಾಯ್ದೆಯ 45ನೇ ಕಲಮಿನಲ್ಲಿ ವಿನಾಯಿತಿ ಇದೆ. 'ರಿಪೇರಿ ಮಾಡಿದರೂ' ಎನ್ನುವ ಮಾತಿಗೆ ಅಡಿಗೆರೆ ಎಳೆದುಕೊಳ್ಳಿ. ಅದನ್ನು ತೀರ್ಮಾನಿಸುವವರು ನೀವಲ್ಲ. ತುಕ್ಕು ಹಿಡಿದ ಮಾತ್ರಕ್ಕೆ ಅದು ಅಲಂಕಾರದ ವಸ್ತುವಾಗುವುದಿಲ್ಲ. ನೂರು ವರ್ಷ ದಾಟಿದ ಪ್ರಾಚ್ಯ ವಸ್ತುವಾದರೆ ದೇಶದಾಚೆ ಕಳಿಸುವುದನ್ನು 1972ರ ಪ್ರಾಚ್ಯವಸ್ತು ಕಾಯ್ದೆ ತಡೆಯುತ್ತದೆ. ಅಂಥವನ್ನು ನೋಡುವ ಆಸೆಗೆ ಚಿತ್ರದುರ್ಗದ ರಂಗಯ್ಯನ ಬಾಗಿಲ ಬಳಿ ವಸ್ತುಸಂಗ್ರಹಾಲಯವೇ ಇದೆಯಲ್ಲ.

ನೋಡಲು ಹೋದಾಗ ಏನೇನು ಗಮನಿಸಬೇಕು?

ಮೊದಲು ಬೋಲ್ಟ್ ತೆರೆದು, ಒಳಗೆ ತೋಟಾ ಇಲ್ಲವೆಂದು ಕಣ್ಣಿಂದ ನೋಡಿ, ಕಿರುಬೆರಳು ಹಾಕಿ ಮುಟ್ಟಿ ಖಚಿತ ಮಾಡಿಕೊಳ್ಳಿ. ಮನೆಯವರು "ಖಾಲಿ ಐತ್ರೀ" ಅಂದರೂ ಸರಿಯೇ.

ಆಮೇಲೆ ಹೊಳಪನ್ನು ನೋಡಬೇಡಿ, ಹೊಳಪಿಲ್ಲದ ಜಾಗಗಳನ್ನು ನೋಡಿ. ಹಳೆಯ ಕಬ್ಬಿಣ ಪ್ರಾಮಾಣಿಕವಾಗಿ ಸವೆದಿದ್ದರೆ ಕೈ ಹಿಡಿಯುವ ಕಡೆ, ನಳಿಗೆಯ ತುದಿಯಲ್ಲಿ ನೀಲಿಬಣ್ಣ (ತುಕ್ಕು ತಡೆಯಲು ಉಕ್ಕಿಗೆ ಕೊಟ್ಟ ಕಪ್ಪುನೀಲಿ ಲೇಪ) ಮಾಸಿರುತ್ತದೆ. ಮೂಲೆಗಳಲ್ಲಿ, ಮರದ ಅಂಚಿನಲ್ಲಿ ಬಣ್ಣ ಉಳಿದಿರುತ್ತದೆ. ಎಲ್ಲ ಕಡೆ ಒಂದೇ ಸಮ ಕಪ್ಪು ಮಿಂಚಿದರೆ ಯಾರೋ ಉಜ್ಜಿ ಹೊಸ ಬಣ್ಣ ಕೊಟ್ಟಿದ್ದಾರೆ. ಅಕ್ಷರಗಳ ಅಂಚು ಮೊಂಡಾಗಿದೆಯೇ ನೋಡಿ. ಉಜ್ಜುವ ಚಕ್ರ ಮೊದಲು ತಿನ್ನುವುದು ಅಕ್ಷರಗಳನ್ನೇ.

ನಂಬರು ಒಂದು ಕಡೆ ಮಾತ್ರ ಇರುವುದಿಲ್ಲ. ನಳಿಗೆಯ ಮೇಲೆ, ಬೋಲ್ಟ್ ಕೂರುವ ಉಕ್ಕಿನ ಮೈಕಟ್ಟಿನ ಮೇಲೆ, ಬೋಲ್ಟಿನ ಹಿಡಿಯ ಬುಡದಲ್ಲಿ ಹುಡುಕಿ. ಎಲ್ಲವೂ ಒಂದೇ ಆಗಿದ್ದರೆ ಅದು ಕೂಡಿ ಹುಟ್ಟಿ ಕೂಡಿ ಬಾಳಿದ ರೈಫಲ್. ಬೋಲ್ಟ್ ಬೇರೆಯದಾದರೆ ಬೆಲೆ ಇಳಿಯುವುದಷ್ಟೇ ಅಲ್ಲ, ತೋಟಾ ಬಿಗಿಯಾಗಿ ಕೂರುತ್ತದೆಯೇ ಎಂದು ಬಲ್ಲವರಿಂದ ಅಳೆಸದೆ ಹಾರಿಸಬಾರದು.

ನಳಿಗೆಯನ್ನು ಬೆಳಕಿಗೆ ಹಿಡಿದು ಹಿಂದಿನಿಂದ ನೋಡಿ. ಸುರುಳಿ ಗೀರುಗಳು ತುದಿಯವರೆಗೆ ಚೂಪಾಗಿ ಕಾಣಬೇಕು. ನಡುವೆ ಉಂಗುರದಂಥ ಕಪ್ಪು ನೆರಳು ಕಂಡರೆ ಅಲ್ಲಿ ನಳಿಗೆ ಉಬ್ಬಿದೆ. ಆ ನಳಿಗೆಯ ಕಥೆ ಮುಗಿಯಿತು. ಸಣ್ಣ ಸಣ್ಣ ಗುಳಿಗಳಿದ್ದರೆ ಬೆಲೆ ಮಾತಾಡಬಹುದು. ಕೊನೆಗೆ ತಿರುಪುಗಳ ತಲೆ ನೋಡಿ. ಸೀಳು ಹರಿದು ಅಗಲವಾಗಿದ್ದರೆ ಅಡುಗೆಮನೆಯ ಚಾಕು ಹಾಕಿ ಬಿಚ್ಚಿದವರೊಬ್ಬರು ನಿಮಗಿಂತ ಮುಂಚೆ ಅಲ್ಲಿಗೆ ಬಂದುಹೋಗಿದ್ದಾರೆ.

ಊರು ಕೇಳಿದರೂ ಅರ್ಧ ವಿಷಯ ತಿಳಿಯುತ್ತದೆ. ಚನ್ನಗಿರಿ, ಹೊನ್ನಾಳಿ ಕಡೆಯ, ಅಡಿಕೆ ತೋಟ, ಭದ್ರಾ ನಾಲೆಯ ತಂಪಿನ ಮನೆಗಳ ಬಂದೂಕಿಗೆ ತುಕ್ಕಿನ ಕಾಟ. ಚಳ್ಳಕೆರೆ, ಹಿರಿಯೂರು, ಜಗಳೂರಿನ ಬಿಸಿಲ ಸೀಮೆಯವಕ್ಕೆ ಕಬ್ಬಿಣ ಗಟ್ಟಿ, ಮರದಲ್ಲಿ ಸೀಳು.

ಮುದ್ರೆಗಳು ಏನು ಹೇಳುತ್ತವೆ?

ಇಶಾಪುರದ್ದಕ್ಕೆ ಆರ್‌ಎಫ್‌ಐ, ಅಂದರೆ ರೈಫಲ್ ಫ್ಯಾಕ್ಟರಿ ಇಶಾಪುರ. ಸ್ವಾತಂತ್ರ್ಯಕ್ಕೆ ಮುಂಚಿನ ಸರ್ಕಾರಿ ಕಬ್ಬಿಣದ ಮೇಲೆ ಕಿರೀಟ, ನಂತರದ್ದರ ಮೇಲೆ ಅಶೋಕನ ಸಿಂಹ. ಇಂಗ್ಲೆಂಡಿನ ಬಂದೂಕುಗಳನ್ನು ಲಂಡನ್ ಅಥವಾ ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯದಲ್ಲಿ ಹೆಚ್ಚಿನ ಮದ್ದು ತುಂಬಿ ಹಾರಿಸಿ ಪರೀಕ್ಷಿಸಿ ಮುದ್ರೆ ಒತ್ತುತ್ತಿದ್ದರು. ಬರ್ಮಿಂಗ್‌ಹ್ಯಾಮಿನದು 1813ರಿಂದ ಇದೆ. ಹಳೆಯ ಜೋಡಿನಳಿಗೆಯ ಮೇಲೆ ಹಾವಿನ ಪೊರೆಯಂಥ ಸುರುಳಿ ಚಿತ್ತಾರ ಕಂಡರೆ ಅದು ಡಮಾಸ್ಕಸ್ ನಳಿಗೆ, ಕಪ್ಪು ಮದ್ದಿನ ಕಾಲದ್ದು. ಈಗಿನ ತೋಟಾ ಹಾಕಿ ಹಾರಿಸುವ ಸಾಹಸ ಬೇಡ. ಅದರ ಅಂದ ನೋಡುವುದಕ್ಕೇ ಇರುವುದು.

ತುಕ್ಕು ತೆಗೆಯುವುದು ಹೇಗೆ? ಪಾಲಿಶ್ ಹೊಡೆಸಬಹುದೇ?

ಹೊಡೆಸಬೇಡಿ. ಬೆಲೆ ಅರ್ಧಕ್ಕಿಳಿಯುತ್ತದೆ ಎನ್ನುವುದು ಚಿಕ್ಕ ಕಾರಣ. ದೊಡ್ಡ ಕಾರಣವೆಂದರೆ, ಪಾಲಿಶ್ ಚಕ್ರಕ್ಕೆ ನಂಬರು ಸವೆದುಹೋದರೆ ಅದು ಶಸ್ತ್ರಾಸ್ತ್ರ ಕಾಯ್ದೆಯ ಅಪರಾಧ. ಗುರುತಿನ ನಂಬರು ಅಳಿಸಿದ ಬಂದೂಕು ಯಾರ ಕೈಯಲ್ಲಿ ಸಿಕ್ಕಿತೋ ಅವರೇ ಅಳಿಸಿದ್ದು ಎಂದು ಮೊದಲು ಭಾವಿಸುತ್ತಾರೆ. ಅಲ್ಲವೆಂದು ಸಾಬೀತು ಮಾಡುವ ಹೊರೆ ನಿಮ್ಮದು.

ಹಳೆ ರೈಫಲ್ ಸರಿಪಡಿಸುವುದು ಎಂದರೆ ಬಹುಪಾಲು ಕೈ ಕಟ್ಟಿಕೊಂಡು ಕೂರುವ ವಿದ್ಯೆ. ಕೆಂಪು ಪುಡಿತುಕ್ಕು ತಿನ್ನುತ್ತಾ ಹೋಗುತ್ತದೆ, ಅದನ್ನು ತೆಗೆಯಬೇಕು. ಕಂದು ಬಣ್ಣಕ್ಕೆ ತಿರುಗಿ ನುಣುಪಾಗಿ ಕೂತದ್ದು ವಯಸ್ಸು, ಅದನ್ನು ಬಿಡಬೇಕು. ಕೆಂಪಿರುವ ಕಡೆ ತೆಳು ಎಣ್ಣೆ ಹಚ್ಚಿ ಒಂದು ರಾತ್ರಿ ನೆನೆಯಲು ಬಿಡಿ. ಬೆಳಿಗ್ಗೆ ಅತಿ ನುಣುಪಾದ, ನಾಲ್ಕು ಸೊನ್ನೆ (0000) ನಂಬರಿನ ಉಕ್ಕಿನ ನೂಲಿಗೆ (ಸ್ಟೀಲ್ ವೂಲ್) ಎಣ್ಣೆ ಹಾಕಿ ಹಗುರವಾಗಿ ಉಜ್ಜಿ, ಒರೆಸಿ, ನೋಡಿ. ಮತ್ತೆ ಎಣ್ಣೆ. ಗಂಟು ಕಟ್ಟಿದ ತುಕ್ಕಿಗೆ ತಾಮ್ರದ ಬಿಲ್ಲೆಯ ಅಂಚು ಸಾಕು, ತಾಮ್ರ ಉಕ್ಕಿಗಿಂತ ಮೃದು. ಉಪ್ಪುಕಾಗದ ಎನ್ನುವ ಪದಾರ್ಥ ಆ ಕೋಣೆಯಲ್ಲೇ ಇರಬಾರದು.

ಎಣ್ಣೆ ಯಾವುದು? ಹೊಲಿಗೆ ಯಂತ್ರದ ಎಣ್ಣೆ ಧಾರಾಳ. ದಾವಣಗೆರೆಯಲ್ಲಿ ಹತ್ತಿ ಗಿರಣಿಗಳಿದ್ದ ಕಾಲಕ್ಕೆ ಸ್ಪಿಂಡಲ್ ಎಣ್ಣೆ ಹಚ್ಚುತ್ತಿದ್ದ ಮನೆಗಳಿದ್ದವು, ಅದೂ ತಪ್ಪಲ್ಲ. ಕೊಬ್ಬರಿ ಎಣ್ಣೆ ಬೇಡ. ಕಾಲಕ್ರಮದಲ್ಲಿ ಕಮಟಿ ಅಂಟಾಗುತ್ತದೆ, ಬೋಲ್ಟಿನೊಳಗೆ ಗೋಂದಿನ ಹಾಗೆ ಹಿಡಿದುಕೊಳ್ಳುತ್ತದೆ.

ನಳಿಗೆಯ ಒಳಗೆ?

ಹಿಂದಿನಿಂದ ಮುಂದಕ್ಕೆ ಶುಚಿ ಮಾಡಿ, ಬಾಯಿಯ ಅಂಚಿಗೆ ಗಜ ತಾಗಿ ಸವೆದರೆ ಗುರಿಯೇ ಹೋಗುತ್ತದೆ. ಹಳೆಯ ತೋಟಾಗಳ ಬುಡದಲ್ಲಿ ಕಿಡಿ ಹೊತ್ತಿಸುವ ಕೇಪಿನಿಂದ ಒಂದು ಬಗೆಯ ಉಪ್ಪು ನಳಿಗೆಯಲ್ಲಿ ಉಳಿಯುತ್ತದೆ, ಅದು ಗಾಳಿಯ ತೇವ ಹೀರಿ ತುಕ್ಕು ತರುತ್ತದೆ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಬಿಸಿನೀರು ಹಾಯಿಸಿ, ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ. ಬಂದೂಕಿಗೆ ನೀರೇ ಎಂದು ಹುಬ್ಬೇರಿಸುವವರಿಗೆ ಇದೇ ಉತ್ತರ.

ಮರದ ಭಾಗ ಒಣಗಿ ಬಿಳಿಚಿದೆ, ಸಣ್ಣ ಸೀಳಿದೆ.

ಇಲ್ಲಿ ನನ್ನ ಪಾಪ ಹೇಳಿಕೊಳ್ಳುತ್ತೇನೆ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಅಜ್ಜನ ಕೇಪಿನ ಕೋವಿಯ ಹಿಡಿಯನ್ನು ಉಜ್ಜಿ, ಮಂಚಕ್ಕೆ ತಂದಿದ್ದ ವಾರ್ನಿಶ್ ಬಳಿದೆ. ಫಳಫಳ ಹೊಳೆಯಿತು. ಅಜ್ಜ ನೋಡಿ, "ನನ್ ಕೈ ಅಚ್ಚಿತ್ತಲ್ಲೋ ಅದ್ರಾಗ" ಅಂದು ಒಳಗೆ ಹೋದರು. ಅವರ ಹೆಬ್ಬೆರಳು ಕೂರುತ್ತಿದ್ದ ಜಾಗದಲ್ಲಿ ಐವತ್ತು ವರ್ಷದ ತಗ್ಗಿತ್ತು. ನಾನು ಅದನ್ನು ಸಮ ಮಾಡಿದ್ದೆ.

ವಿದೇಶಿ ರೈಫಲ್ಲಿನ ಮರ ಸಾಮಾನ್ಯವಾಗಿ ಅಕ್ರೋಟಿನದು. ಅದಕ್ಕೆ ಬೇಕಾದ್ದು ಅಗಸೆ ಎಣ್ಣೆ. ಅಡುಗೆಗೆ ಬಳಸುವ ಹಸಿ ಅಗಸೆ ಎಣ್ಣೆ ವಾರಗಟ್ಟಲೆ ಒಣಗುವುದಿಲ್ಲ. ಬಣ್ಣದ ಅಂಗಡಿಯಲ್ಲಿ ಸಿಗುವ ಕಾಯಿಸಿದ ಅಗಸೆ ಎಣ್ಣೆ ತನ್ನಿ. ಕೊಳೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ, ನಾಲ್ಕು ಹನಿ ಅಂಗೈಗೆ ಹಾಕಿಕೊಂಡು ಕೈ ಬಿಸಿಯಾಗುವವರೆಗೆ ತಿಕ್ಕಿ. ಮಿಕ್ಕಿದ್ದನ್ನು ಒರೆಸಿಬಿಡಿ. ಒಂದು ದಿನ ಬಿಟ್ಟು ಇನ್ನೊಮ್ಮೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯಾಗಿದ್ದರೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಹರವಿ ಒಣಗಿಸಿ, ಇಲ್ಲವೇ ನೀರಲ್ಲಿ ಅದ್ದಿ ಬಿಸಾಡಿ.

ಏಪ್ರಿಲ್, ಮೇ ಬಿಸಿಲಿಗೆ ಮರ ಕುಗ್ಗಿ ತಿರುಪು ಸಡಿಲವಾದದ್ದು ಮಳೆಗಾಲದಲ್ಲಿ ಮತ್ತೆ ಬಿಗಿಯಾಗುತ್ತದೆ. ಬೇಸಿಗೆಯಲ್ಲಿ ಶಕ್ತಿ ಹಾಕಿ ಬಿಗಿ ಮಾಡಿದವರ ರೈಫಲ್ಲೇ ಶ್ರಾವಣದಲ್ಲಿ ಸೀಳುವುದು.

ಲೇತ್ ಅಂಗಡಿಯವರು ಯಾವ ಭಾಗ ಬೇಕಾದರೂ ಮಾಡಿಕೊಡುತ್ತೇನೆ ಅಂತಾರೆ.

ಮಾಡಿಕೊಡುವ ಕೈಚಳಕ ಅವರಿಗಿದೆ, ಅನುಮಾನವಿಲ್ಲ. ಆದರೆ ಬಂದೂಕು ರಿಪೇರಿಗೆ ಪ್ರತ್ಯೇಕ ಲೈಸೆನ್ಸ್ ಬೇಕು. ಅದಿಲ್ಲದವರ ಕೈಗೆ ಕೊಟ್ಟರೆ ಇಬ್ಬರೂ ಸಿಕ್ಕಿಬೀಳುತ್ತೀರಿ. ನಳಿಗೆ ಮೊಟಕು ಮಾಡಿಸುವ ಮಾತಂತೂ ಎತ್ತಲೇಬೇಡಿ. ಒರೆಸುವುದು, ಎಣ್ಣೆ ಹಚ್ಚುವುದು ನಿಮ್ಮ ಕೆಲಸ. ಬೋಲ್ಟ್, ಕುದುರೆ (ಗುಂಡು ಹಾರಿಸುವ ಕೀಲು), ನಳಿಗೆ ಮುಟ್ಟುವ ಕೆಲಸ ಲೈಸೆನ್ಸ್ ಇರುವ ಬಂದೂಕು ಅಂಗಡಿಯದು. ನಿಮಗೆ ಹೋಗಲಾಗದಿದ್ದರೆ ಮನೆಯವರ ಕೈಲಿ ರಿಪೇರಿಗೆ ಕಳಿಸಬಹುದು, ನಿಮ್ಮ ಸಹಿಯ ಒಪ್ಪಿಗೆ ಪತ್ರ ಅವರ ಜೇಬಿನಲ್ಲಿರಬೇಕು.

ಆಯುಧಪೂಜೆಗೆ ಇಡಬಹುದೇ?

ಇಡದಿದ್ದರೆ ನಮ್ಮ ಮನೆಯಲ್ಲಿ ಊಟವೇ ಇಲ್ಲ. ತೊಂದರೆ ಪೂಜೆಯದಲ್ಲ, ಮರುದಿನದ್ದು. ನೀರಲ್ಲಿ ಕಲಸಿದ ಅರಿಶಿನ, ಕುಂಕುಮ ಉಕ್ಕಿನ ಮೇಲೆ ಒಂದು ವಾರ ಕೂತರೆ ಅದರಡಿ ತುಕ್ಕು ಶುರು. ನಿಂಬೆಹಣ್ಣಿನ ರಸ ಬಿದ್ದಲ್ಲಿ ನೀಲಿಬಣ್ಣ ಹೋದದ್ದು ಮತ್ತೆ ಬರುವುದಿಲ್ಲ. ಹಳೆ ಬಂದೂಕುಗಳ ನಳಿಗೆಯ ಬುಡದಲ್ಲಿ ಮೂರು ಬೆರಳಗಲದ ಗುಳಿ ಕಂಡರೆ, ಅವು ಬಹುಪಾಲು ವಿಭೂತಿ ಎಳೆದ ಜಾಗ. ನಮ್ಮಮ್ಮನ ಜೊತೆ ಆದ ರಾಜಿ ಹೀಗಿದೆ: ವಿಭೂತಿ, ಕುಂಕುಮ ಪೆಟ್ಟಿಗೆಗೆ, ಹೂವು ಮಾತ್ರ ರೈಫಲ್ಲಿಗೆ, ನಿಂಬೆಹಣ್ಣು ಬೈಕಿಗೆ. ಸಂಜೆ ದೀಪ ಆರಿದ ಮೇಲೆ ಒಣಬಟ್ಟೆ, ನಂತರ ಎಣ್ಣೆ ಬಟ್ಟೆ.

ಹಂದಿ ಹೊಡೆಯಲು, ಶಿಕಾರಿಗೆ ಉಪಯೋಗಿಸಬಹುದೇ?

ಆಗದು. 1972ರ ವನ್ಯಜೀವಿ ಕಾಯ್ದೆ ಇದೆ. ಬೆಳೆ ಕಾಯುವ ಲೈಸೆನ್ಸ್ ಬೇರೆಯದೇ ವಿಷಯ, ಅದು ಇದ್ದವರಿಗೂ ಮನಸೋಇಚ್ಛೆ ಹೊಡೆಯುವ ಹಕ್ಕಿಲ್ಲ.

ಇಷ್ಟೆಲ್ಲ ಓಡಾಟ ನನ್ನಿಂದಾಗದು. ಬೇರೆ ದಾರಿ?

ಹಳೆಯ ಏರ್ ರೈಫಲ್ ಹಿಡಿಯಿರಿ. .177 ಅಳತೆಯದು, 20 ಜೂಲ್ ಶಕ್ತಿ ಮೀರದ್ದು ಆದರೆ ಲೈಸೆನ್ಸ್ ಬೇಡ. ಹಳೆಯ ಬಿಎಸ್‌ಎ ಏರ್ ರೈಫಲ್ಲಿನ ಮರಕ್ಕೂ ಅದೇ ಅಗಸೆ ಎಣ್ಣೆ, ಕಬ್ಬಿಣಕ್ಕೂ ಅದೇ ತಾಳ್ಮೆ. ಕೆಲಸ ಕಲಿಯಲು ಇದಕ್ಕಿಂತ ಒಳ್ಳೆಯ ಪಾಟಿ ಇಲ್ಲ. ನಾನು ವಾರ್ನಿಶ್ ಬಳಿಯುವ ಮೊದಲು ಯಾರಾದರೂ ಇದನ್ನು ಕೈಗೆ ಕೊಟ್ಟಿದ್ದರೆ ಎಂದು ಈಗಲೂ ಅನ್ನಿಸುತ್ತದೆ.

ಚುನಾವಣೆ ಬಂತು, ಠಾಣೆಗೆ ಒಪ್ಪಿಸಲು ಹೇಳಿದ್ದಾರೆ. ರೈಫಲ್ ಹಾಳಾಗುವುದಿಲ್ಲವೇ?

ಪಂಚಾಯ್ತಿಯಿಂದ ಲೋಕಸಭೆಯವರೆಗೆ ಒಂದಲ್ಲ ಒಂದು ಬರುತ್ತಲೇ ಇರುತ್ತದೆ, ರೂಢಿ ಮಾಡಿಕೊಳ್ಳಿ. ಕೊಡುವ ಹಿಂದಿನ ದಿನ ನಳಿಗೆಯ ಒಳಗೂ ಹೊರಗೂ ಮಾಮೂಲಿಗಿಂತ ದಪ್ಪಗೆ ಎಣ್ಣೆ ಹಚ್ಚಿ. ಹತ್ತಿಬಟ್ಟೆಯ ಸಡಿಲ ಚೀಲ ಹಾಕಿ. ಪ್ಲಾಸ್ಟಿಕ್ ಬೇಡ, ಚರ್ಮದ ಚೀಲವೂ ಬೇಡ, ಎರಡೂ ತೇವ ಹಿಡಿದಿಡುತ್ತವೆ. ಹೆಸರು, ನಂಬರು ಬರೆದ ರಟ್ಟಿನ ಚೀಟಿಯನ್ನು ದಾರದಿಂದ ಕಟ್ಟಿ. ನಾಲ್ಕು ಕಡೆಯಿಂದ ಫೋಟೊ ತೆಗೆದಿಟ್ಟುಕೊಳ್ಳಿ. ರಸೀದಿಯಲ್ಲಿ ಬಂದೂಕಿನ ನಂಬರು ಇದೆಯೇ ನೋಡದೆ ಠಾಣೆಯ ಮೆಟ್ಟಿಲು ಇಳಿಯಬೇಡಿ. ಫಲಿತಾಂಶ ಬಂದು, ವಾಪಸ್ ಕೊಡುತ್ತಾರೆ ಎಂದು ತಿಳಿದ ದಿನವೇ ಹೋಗಿ. ಒಮ್ಮೆ ನಾನು ಮುಂಗಾರು ಕಳೆಯಲಿ ಅಂತ ಬಿಟ್ಟು ಆಗಸ್ಟಿನಲ್ಲಿ ಹೋದೆ. ಮನೆಗೆ ತಂದು ಚೀಲ ಬಿಚ್ಚಿದಾಗ ಬೋಲ್ಟಿನ ಹಿಡಿಯ ಮೇಲೆ ಕೆಂಪು ಪುಡಿ ಎದ್ದಿತ್ತು. ಅಂದು ರಾತ್ರಿ ಹತ್ತರವರೆಗೆ ಉಕ್ಕಿನ ನೂಲು ಹಿಡಿದು ಕೂತಿದ್ದೆ.